ಸ್ಮಾರಕಗಳ ಸುತ್ತ ಬೇಲಿ ಏಕೆ?

ಪ್ರವಾಸದಿಂದ ಹಿಂತಿರುಗಿದವರನ್ನು ಮಾತಿಗೆಳೆದು ನೋಡಿ. ದೆಹಲಿ, ಆಗ್ರಾ, ಅಜಂತಾ, ಹಂಪೆ ಎಲ್ಲವನ್ನೂ ನೋಡಿ ಬಂದೆವೆಂಬ ಸಂತೋಷದ ಬೆನ್ನಿಗೇ ಒಂದು ದೂರೂ ಇರುತ್ತದೆ. “ಅಷ್ಟು ದೂರ ಹೋದರೂ ಹತ್ತಿರ ಬಿಡಲಿಲ್ಲ. ಮುಟ್ಟಬೇಡಿ, ಬಡಿಯಬೇಡಿ, ಫ್ಲ್ಯಾಶ್ ಹಾಕಬೇಡಿ, ಬೇಗ ಮುಂದೆ ನಡೆಯಿರಿ ಎನ್ನುವುದೇ ಆಯಿತು.” ದುಡ್ಡು ಖರ್ಚು ಮಾಡಿ, ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಹೋದವರಿಗೆ ಬೇಸರವಾಗುವುದು ಸಹಜ. ಕಾವಲುಗಾರರು ಸೀಟಿ ಊದುತ್ತಾರೆಯೇ ವಿನಾ ಕಾರಣ ಹೇಳುವುದಿಲ್ಲ. ಆ ಕಾರಣಗಳೇನು? ನಾಲ್ಕು ಪ್ರಸಿದ್ಧ ತಾಣಗಳನ್ನು ಉದಾಹರಣೆಯಾಗಿ ತೆಗೆದುಕೊಂಡು ತಿಳಿಯೋಣ.

ತುಕ್ಕೇ ಕವಚವಾದ ಕಂಬ

ದೆಹಲಿಯ ಕುತುಬ್ ಮಿನಾರಿನ ಆವರಣದಲ್ಲಿ ಗುಪ್ತರ ಕಾಲದ ಕಬ್ಬಿಣದ ಸ್ತಂಭವಿದೆ. ಎತ್ತರ ಸುಮಾರು 7 ಮೀಟರು, ತೂಕ 6 ಟನ್ನಿಗೂ ಹೆಚ್ಚು. ಸುಮಾರು 1,600 ವರ್ಷಗಳಾದರೂ ಅದು ತುಕ್ಕು ತಿಂದು ಹೋಗಿಲ್ಲ. ಇದು ಪವಾಡವಲ್ಲ, ರಸಾಯನ ಕ್ರಿಯೆ. ಅಂದಿನ ಕಮ್ಮಾರರು ಇದ್ದಿಲಿನ ಕುಲುಮೆಯಲ್ಲಿ ತೆಗೆದ ಕಬ್ಬಿಣದಲ್ಲಿ ರಂಜಕದ ಅಂಶ ಇಂದಿನ ಉಕ್ಕಿನಲ್ಲಿರುವುದಕ್ಕಿಂತ ಬಹಳ ಹೆಚ್ಚು. ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನದಂತೆ, ಈ ರಂಜಕದ ನೆರವಿನಿಂದ ಸ್ತಂಭದ ಮೇಲೆ ತೆಳುವಾದ, ಬಿಗಿಯಾದ ಒಂದು ಪದರ ಬೆಳೆದಿದೆ. ಈ ಪದರವು ಒಳಗಿನ ಲೋಹಕ್ಕೆ ಗಾಳಿಯನ್ನೂ ತೇವವನ್ನೂ ತಾಗಗೊಡುವುದಿಲ್ಲ.

ಸ್ತಂಭಕ್ಕೆ ಬೆನ್ನು ಕೊಟ್ಟು ನಿಂತು, ಕೈಗಳನ್ನು ಹಿಂದಕ್ಕೆ ಚಾಚಿ ಬಳಸಿ ಹಿಡಿದರೆ ಅದೃಷ್ಟ ಖುಲಾಯಿಸುತ್ತದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ದಿನವೂ ಸಾವಿರಾರು ಮಂದಿ ಹೀಗೆ ಅಪ್ಪಿ ಉಜ್ಜಿದರೆ ಶತಮಾನಗಳಲ್ಲಿ ಬೆಳೆದ ಪದರ ಸವೆಯುತ್ತದೆ. ಬೆವರಿನ ಉಪ್ಪು ತುಕ್ಕಿಗೆ ದಾರಿ ಮಾಡಿಕೊಡುತ್ತದೆ. ಕೈ ತಾಗುತ್ತಿದ್ದ ಎತ್ತರದಲ್ಲಿ ಸ್ತಂಭ ನುಣುಪಾಗಿ ಹೊಳೆಯುವುದನ್ನು ನೀವೇ ನೋಡಬಹುದು. 1997ರಲ್ಲಿ ಸುತ್ತಲೂ ಬೇಲಿ ಬಂದದ್ದು ಇದಕ್ಕಾಗಿಯೇ.

ದನಿ ಕೊಡುವ ಕಲ್ಲು

ನಮ್ಮ ಹಂಪೆಯ ವಿಠ್ಠಲ ದೇವಾಲಯದ ಸಂಗೀತ ಸ್ತಂಭಗಳ ವಿಷಯವೂ ಹೀಗೆಯೇ. ಕಂಬಗಳು ಒಳಗೆ ಟೊಳ್ಳಾಗಿರುವುದರಿಂದ ನಾದ ಹೊಮ್ಮುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಲ್ಲಿಗೆ ಪೆಟ್ಟಾಗದ ವಿಧಾನಗಳಿಂದ ಪರೀಕ್ಷಿಸಿ, ಅವು ಗಟ್ಟಿ ಕಲ್ಲೇ ಎಂದು ತೋರಿಸಿದರು. ಒಂದೇ ಬಂಡೆಯಲ್ಲಿ ಕಡೆದ ಸಣ್ಣ ಸಣ್ಣ ಕಂಬಗಳು ಪೆಟ್ಟು ಬಿದ್ದಾಗ ಅತಿ ಸೂಕ್ಷ್ಮವಾಗಿ ಬಾಗಿ ಬಾಗಿ ಕಂಪಿಸುತ್ತವೆ. ಕಂಬದ ಉದ್ದ, ದಪ್ಪಗಳಿಗೆ ತಕ್ಕಂತೆ ದನಿ ಬೇರೆಯಾಗುತ್ತದೆ.

ಗ್ರಾನೈಟ್ ಶಿಲೆ ಬೇರೆ ಬೇರೆ ಖನಿಜಗಳ ಹರಳುಗಳು ಹೆಣೆದುಕೊಂಡು ಆದದ್ದು. ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ ಆ ಹೆಣಿಗೆ ಮೊದಲೇ ದಣಿದಿರುತ್ತದೆ. ಅದರ ಮೇಲೆ ನಾಣ್ಯದಿಂದಲೋ ಕಲ್ಲಿನಿಂದಲೋ ಬಡಿದರೆ ಕಣ್ಣಿಗೆ ಕಾಣದ ಬಿರುಕುಗಳು ಬೆಳೆಯುತ್ತವೆ. ಒಬ್ಬರ ಪೆಟ್ಟಿನಿಂದ ಏನೂ ಆಗದು, ನಿಜ. ಆದರೆ “ನಾನೊಬ್ಬನೇ ತಾನೆ” ಎನ್ನುವವರ ಸಾಲು ಮುಗಿಯುವುದೇ ಇಲ್ಲ. 50 ರೂಪಾಯಿ ನೋಟಿನಲ್ಲಿ ಚಿತ್ರವಿರುವ ಕಲ್ಲಿನ ರಥವೂ ಇದೇ ಆವರಣದ್ದು. ಅದರ ಚಕ್ರಗಳನ್ನೂ ತಿರುಗದಂತೆ ಭದ್ರಪಡಿಸಲಾಗಿದೆ.

ಉಸಿರಿನ ತೇವ

ಮಹಾರಾಷ್ಟ್ರದ ಅಜಂತಾದಲ್ಲಿ ಚಿತ್ರಗಳನ್ನು ಮುಟ್ಟದಿದ್ದರೂ ನಮ್ಮಿಂದ ತೊಂದರೆಯಾಗುತ್ತದೆ. ಅಲ್ಲಿನ ಕಲಾವಿದರು ಬಂಡೆಯ ಮೇಲೆ ಮಣ್ಣಿಗೆ ಹೊಟ್ಟು, ನಾರು ಬೆರೆಸಿದ ಗಾರೆ ಬಳಿದು, ಅದು ಒಣಗಿದ ಮೇಲೆ ಅಂಟು ಕಲಸಿದ ಬಣ್ಣ ಹಚ್ಚಿದರು. ಮಣ್ಣು ತೇವವನ್ನು ಹೀರುತ್ತದೆ, ಅಂಟನ್ನೂ ಹೊಟ್ಟನ್ನೂ ಹುಳು ಹುಪ್ಪಟೆಗಳು ತಿನ್ನುತ್ತವೆ. ಒಂದು ಗುಹೆಯಲ್ಲಿ ನೂರಾರು ಜನ ನಿಂತು ಉಸಿರಾಡಿದರೆ ಗಾಳಿಯಲ್ಲಿ ತೇವ, ಶಾಖ, ಇಂಗಾಲದ ಡೈ ಆಕ್ಸೈಡ್ ಮೂರೂ ಏರುತ್ತವೆ. ಗಾರೆ ಉಬ್ಬಿ ಕುಗ್ಗಿ ಬಂಡೆಯಿಂದ ಬಿಟ್ಟುಕೊಳ್ಳತೊಡಗುತ್ತದೆ. ಪ್ರಖರವಾದ ಬೆಳಕು ಬಣ್ಣವನ್ನು ಮಂಕಾಗಿಸುತ್ತದೆ. ದೀಪಗಳಿಲ್ಲದೆ ನಮ್ಮ ಟೆಲಿವಿಷನ್ ಕ್ಯಾಮೆರಾ ಕೆಲಸ ಮಾಡುವುದೇ ಕಷ್ಟ, ಆದರೂ ಇಂಥ ಕಡೆ ದೀಪ ಬೇಡವೆನ್ನುವುದೇ ಸರಿ.

ಒಳ್ಳೆಯ ಉದ್ದೇಶವೂ ಕೆಲವೊಮ್ಮೆ ಕೇಡು ತರುತ್ತದೆ. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮ ಸರ್ಕಾರ ಇಟಲಿಯಿಂದ ಇಬ್ಬರು ತಜ್ಞರನ್ನು ಕರೆಸಿ ಚಿತ್ರಗಳ ರಕ್ಷಣೆಗೆ ವ್ಯವಸ್ಥೆ ಮಾಡಿತು. ಆಗ ಬಳಿದ ಅರಗಿನ ವಾರ್ನಿಷ್ ಕಾಲಕ್ರಮೇಣ ಹಳದಿಯಾಗಿ ಕಪ್ಪಿಟ್ಟಿತು. ಅದನ್ನು ಚೂರುಚೂರೇ ತೆಗೆಯುವ ಕೆಲಸ ಮುಂದಿನ ತಲೆಮಾರಿನ ರಸಾಯನ ತಜ್ಞರ ಪಾಲಿಗೆ ಬಂತು.

ಅಮೃತಶಿಲೆಗೆ ಮಣ್ಣಿನ ಲೇಪ

ಆಗ್ರಾದ ತಾಜಮಹಲಿನ ಶತ್ರು ದೂರದಿಂದ ಬರುವಂಥದು. ಅಮೃತಶಿಲೆ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಡೈ ಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗಿ ಶಿಲೆಯ ಮೇಲ್ಮೈಯನ್ನು ಜಿಪ್ಸಂ ಆಗಿ ಮಾರ್ಪಡಿಸುತ್ತದೆ. ಮಸಿ, ಧೂಳು ಕುಳಿತು ಬಿಳುಪು ಹಳದಿಗೆ ತಿರುಗುತ್ತದೆ. ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ನೀಡಿದ ತೀರ್ಪಿನಲ್ಲಿ, ತಾಜ್ ಸುತ್ತಲಿನ ಸುಮಾರು 10,400 ಚದರ ಕಿಲೋಮೀಟರ್ ವಲಯದ ನೂರಾರು ಕಾರ್ಖಾನೆಗಳು ಕಲ್ಲಿದ್ದಲು, ಕೋಕ್ ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಸ್ಥಳಾಂತರಗೊಳ್ಳಬೇಕು ಎಂದು ಆದೇಶಿಸಿತು.

ಈಗಾಗಲೇ ಕೂತ ಕೊಳೆಗೆ ಮದ್ದು ನಮ್ಮ ಮನೆಗಳಲ್ಲೇ ಪರಿಚಿತ: ಮುಲ್ತಾನಿ ಮಿಟ್ಟಿ. ಪುರಾತತ್ವ ಇಲಾಖೆಯವರು ಜೇಡಿಮಣ್ಣಿನ ಲೇಪವನ್ನು ಗೋಡೆಗೆ ಮೆತ್ತುತ್ತಾರೆ. ಒಣಗುತ್ತ ಒಣಗುತ್ತ ಅದು ಕೊಳೆಯನ್ನು ಹೀರಿಕೊಳ್ಳುತ್ತದೆ. ಬಳಿಕ ಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ಈ ಕೆಲಸಕ್ಕೆ ಸಾರವೆ ಕಟ್ಟಿದ್ದನ್ನು ಕಂಡು “ಫೋಟೋ ಕೆಟ್ಟಿತು” ಎಂದು ಗೊಣಗುವ ಬದಲು ಅದನ್ನೇ ಮಕ್ಕಳಿಗೆ ತೋರಿಸಿ ವಿವರಿಸಬಹುದು. ಪುಸ್ತಕದಲ್ಲಿ ಓದಿದ ರಸಾಯನ ಶಾಸ್ತ್ರ ಅಲ್ಲಿ ಅವರ ಕಣ್ಣೆದುರೇ ನಡೆದಿರುತ್ತದೆ.

ನೋಡುವ ಬಗೆ

ಹಾಗಾದರೆ ದೂರದಿಂದಲೇ ಚೆನ್ನಾಗಿ ನೋಡುವುದು ಹೇಗೆ? ಒಂದು ಚಿಕ್ಕ ದುರ್ಬೀನು ಜೊತೆಗಿರಲಿ. ಕಬ್ಬಿಣದ ಸ್ತಂಭದ ತುದಿಯ ಕೆತ್ತನೆ ಬರಿಗಣ್ಣಿಗಿಂತ ಅದರಲ್ಲಿ ಸೊಗಸು. ಅಜಂತಾದಲ್ಲಿ ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಏನೂ ಕಾಣುವುದಿಲ್ಲ. ಐದಾರು ನಿಮಿಷ ಸುಮ್ಮನೆ ನಿಂತರೆ ಕಣ್ಣು ಕತ್ತಲೆಗೆ ಒಗ್ಗಿಕೊಂಡು ಬಣ್ಣಗಳು ಒಂದೊಂದಾಗಿ ತೋರಿಬರುತ್ತವೆ. ಸಾಧ್ಯವಾದರೆ ರಜಾ ದಿನಗಳ ನೂಕುನುಗ್ಗಲು ತಪ್ಪಿಸಿ, ಬೆಳಿಗ್ಗೆ ಬೇಗ ಹೋಗಿ.

ಕೈಯಾರೆ ಪ್ರಯೋಗ ಮಾಡಲೇಬೇಕೆನ್ನುವ ಮಕ್ಕಳಿದ್ದರೆ ವಿಜಯಪುರಕ್ಕೆ ಕರೆದುಕೊಂಡು ಹೋಗಿ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಲಗುಮ್ಮಟದ ಒಳಮೊಗಸಾಲೆಯಲ್ಲಿ ಒಬ್ಬರು ಗೋಡೆಯ ಬಳಿ ಪಿಸುಗುಟ್ಟಿದರೆ, ದನಿ ಗುಮ್ಮಟದ ಬಾಗಿದ ಗೋಡೆಯನ್ನು ಅನುಸರಿಸಿ ಹೋಗಿ ಸುಮಾರು 38 ಮೀಟರ್ ಆಚೆ ನಿಂತವರಿಗೆ ಕೇಳಿಸುತ್ತದೆ. ಇದರಿಂದ ಕಲ್ಲು ಸವೆಯುವುದಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಕಿರುಚಿದರೆ ಯಾರಿಗೂ ಏನೂ ಕೇಳಿಸದು. ಸರದಿಯಂತೆ ಒಬ್ಬೊಬ್ಬರೇ ಮೆಲ್ಲಗೆ ಮಾತನಾಡುವಂತೆ ಮಕ್ಕಳಿಗೆ ಹೇಳಿ. ಆಗ ನಿಮ್ಮ ಹಿಂದೆ ಬಂದವರಿಗೂ ಆ ಗುಮ್ಮಟದ ಮಾತು ಕೇಳಿಸುತ್ತದೆ.