ಕಡಲು ಕಾಣದ ಊರು, ಕಡಲೆಲ್ಲ ಸುತ್ತಿದ ಹೆಸರು

ಶ್ರೀರಂಗಪಟ್ಟಣಕ್ಕೂ ಕಡಲಿಗೂ ಏನು ಸಂಬಂಧ? ಇಲ್ಲಿರುವುದು ಕಾವೇರಿ, ಹರಿಗೋಲು, ಸಂಗಮ. ಮಂಗಳೂರಿನ ಕಡಲು ಘಟ್ಟದಾಚೆ, ಇನ್ನೂರಕ್ಕೂ ಹೆಚ್ಚು ಕಿ.ಮೀ. ದೂರ. ನಾನೂ ಹಾಗೇ ಅಂದುಕೊಂಡಿದ್ದೆ, ಒಂದು ಚಿತ್ರ ಕಣ್ಣಿಗೆ ಬೀಳುವವರೆಗೆ.

ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದ ಮರದ ಬೊಂಬೆ ಅದು. ತಲೆಗೆ ಪೇಟ, ಕೈಯಲ್ಲಿ ಛತ್ರಿ. ಕೂತಿರುವುದು ಕುದುರೆ ಮೇಲಲ್ಲ, ರೆಕ್ಕೆಯ ದೊಡ್ಡ ಹಕ್ಕಿಯ ಬೆನ್ನ ಮೇಲೆ. ಅರಬ್ಬರ ಕಥೆಗಳಲ್ಲಿ ಆನೆಯನ್ನೇ ಎತ್ತಿಕೊಂಡು ಹಾರುವ ರಾಕ್ ಹಕ್ಕಿ! ಕೂತವನು ಯಾರು? ನಮ್ಮ ಟಿಪ್ಪು ಸುಲ್ತಾನ್. ಈ ಬೊಂಬೆ ಒಂದು ಬ್ರಿಟಿಷ್ ಯುದ್ಧನೌಕೆಯ ಮೂತಿಯ ಮೇಲಿತ್ತು. ಆ ನೌಕೆಯ ಹೆಸರು ‘ಸೆರಿಂಗಪಟಂ’. ಇಂಗ್ಲಿಷರ ನಾಲಿಗೆಗೆ ಸಿಕ್ಕ ಶ್ರೀರಂಗಪಟ್ಟಣ!

1799ರ ಮೇ 4ರಂದು ಕೋಟೆಯಲ್ಲಿ ಟಿಪ್ಪುವನ್ನು ಕೊಂದವರೇ, ಇಪ್ಪತ್ತು ವರ್ಷ ಕಳೆದು 1819ರಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ತೇಗದ ಮರದಿಂದ 46 ತೋಪುಗಳ ಈ ನೌಕೆ ಕಟ್ಟಿಸಿದರು. ಸತ್ತ ಶತ್ರುವನ್ನೇ ಮುಂದೆ ಕೂರಿಸಿಕೊಂಡು ಅಲೆ ಸೀಳಿದರು. ಗೆದ್ದ ಹಮ್ಮು ಅದರಲ್ಲಿದೆ ನಿಜ. ಆದರೆ ಅಂಜಿಕೆಯ ನೆನಪೂ ಇದೆ ಅಂತ ನನಗೆ ಅನ್ನಿಸುತ್ತದೆ. ಅಂಜಿಸದವನನ್ನು ಯಾರು ಹಡಗಿನ ಮೂತಿಗೆ ಏರಿಸುತ್ತಾರೆ?

ಇನ್ನೊಂದು ಸೋಜಿಗ ಕೇಳಿ. ನೌಕೆಯ ಒಡಲಿನ ನಕ್ಷೆ ಇಂಗ್ಲಿಷರದ್ದೇ ಅಲ್ಲ, ಅವರು ಸೆರೆಹಿಡಿದ ‘ಪ್ರೆಸಿದಾಂತ್’ ಎಂಬ ಫ್ರೆಂಚ್ ನೌಕೆಯದ್ದು. ಪಾಂಡವಪುರದವರು ಈ ಮಾತಿಗೆ ತಕ್ಷಣ ಕಿವಿ ನಿಮಿರಿಸಬೇಕು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದಲೇ ಅವರ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತಲ್ಲ! ಒಡಲು ಫ್ರೆಂಚರದ್ದು, ಮೂತಿ ಟಿಪ್ಪುವಿನದ್ದು, ಹೆಸರು ಶ್ರೀರಂಗನ ಊರಿನದ್ದು, ಬಾವುಟ ಮಾತ್ರ ಇಂಗ್ಲಿಷರದ್ದು.

ಇದಕ್ಕೂ ಮೊದಲೇ ಇದೇ ಹೆಸರಿನ ಇನ್ನೊಂದು ಹಡಗಿತ್ತು, ತಿಮಿಂಗಿಲ ಬೇಟೆಯದ್ದು. 1813ರಲ್ಲಿ ಗಲಾಪಗಸ್ ದ್ವೀಪಗಳ ಬಳಿ ಅದನ್ನು ಹಿಡಿದವನು ಅಮೆರಿಕದ ‘ಎಸೆಕ್ಸ್’ ನೌಕೆಯ ಕ್ಯಾಪ್ಟನ್ ಡೇವಿಡ್ ಪೋರ್ಟರ್. ಟಿಪ್ಪುವಿಗಾಗಿಯೇ ಕಟ್ಟಿದ ಯುದ್ಧದ ಹಡಗು ಇದು ಎಂದು ಅವನು ಬರೆದಿಟ್ಟ. ಮರುವರ್ಷ ಶಾಂತಸಾಗರದ ನೂಕು ಹಿವ ದ್ವೀಪದಲ್ಲಿ ಬಂಡೆದ್ದ ನಾವಿಕರು ಅದನ್ನು ಕಿತ್ತುಕೊಂಡು ಆಸ್ಟ್ರೇಲಿಯಾಕ್ಕೆ ನಡೆಸಿದರು. 1830ರಲ್ಲಿ ಎರಡನೆಯ ಸೆರಿಂಗಪಟಂ ಕೂಡ ಅದೇ ಶಾಂತಸಾಗರದಲ್ಲಿ ತಿರುಗಾಡಿತು. ಇಂದಿಗೂ ಆಸ್ಟ್ರೇಲಿಯಾದ ವಾಯವ್ಯಕ್ಕೆ, ನಡುಗಡಲಲ್ಲಿ, ಸೆರಿಂಗಪಟಂ ಎಂಬ ಹವಳದ ದಿಬ್ಬವಿದೆ. ನಮ್ಮೂರ ಹೆಸರಿನ ದಿಬ್ಬಕ್ಕೆ ಅಲ್ಲಿ ಅಲೆ ಬಡಿಯುತ್ತಿದೆ!

ಟಿಪ್ಪುವಿಗೆ ಹಡಗಿನ ಹುಚ್ಚು ಇದ್ದದ್ದೂ ಕಟ್ಟುಕಥೆಯಲ್ಲ. 1796ರಲ್ಲಿ ಅವನು ಹನ್ನೊಂದು ಅಧಿಕಾರಿಗಳ ನೌಕಾಮಂಡಳಿ ಮಾಡಿದ. ಗುರಿ ನಲವತ್ತು ಯುದ್ಧನೌಕೆ. ಕಟ್ಟುವುದು ಕರಾವಳಿಯಲ್ಲಿ, ಮಂಡಳಿಯ ಠಾಣೆ ಕಾವೇರಿಯ ನಡುವಿನ ಈ ನಡುಗಡ್ಡೆಯಲ್ಲಿ.

ಹೆಸರಿನ ಮಹಿಮೆ ಹಡಗಿಗೇ ಮುಗಿಯುವುದಿಲ್ಲ. ಬೊಂಬಾಯಿಯ ಅದೇ ಹಡಗುಕಟ್ಟೆಯಲ್ಲಿ, ತೇಗದಲ್ಲೇ, ಯುದ್ಧನೌಕೆ ಸೆರಿಂಗಪಟಂ ಕಟ್ಟಿದ ಎರಡು ವರ್ಷದ ನಂತರ ‘ಗ್ಯಾಂಜಿಸ್’ ನೀರಿಗಿಳಿಯಿತು. ಮುದಿಯಾದ ಮೇಲೆ ಅದು ಇಂಗ್ಲೆಂಡಿನಲ್ಲಿ ಹುಡುಗರ ತರಬೇತಿ ಹಡಗಾಯಿತು. ಕೊನೆಗೆ ಶಾಲೆ ದಡಕ್ಕೆ ಬಂತು, ಶಾಟ್ಲಿ ಎಂಬ ಊರಿಗೆ. ಗಂಗೆಯ ಹೆಸರೂ ಜೊತೆಗೇ ದಡ ಹತ್ತಿತು! ಅಲ್ಲಿ ನೆಲದಲ್ಲೇ ಸುಮಾರು 43 ಮೀಟರಿನ ಪಟಗಂಬ ನೆಟ್ಟಿದ್ದರು. ಹುಡುಗರು ಸಾಲಾಗಿ ಹತ್ತುವರು. ತುತ್ತತುದಿಯಲ್ಲಿ ತಟ್ಟೆಯಷ್ಟು ಅಗಲದ ಬಿಲ್ಲೆ. ಅದರ ಮೇಲೆ ಒಬ್ಬ ಹುಡುಗ ನೆಟ್ಟಗೆ ನಿಂತು ಸಲಾಮು ಹೊಡೆಯುವನು. 1976ರವರೆಗೂ ಆ ಶಾಲೆ ನಡೆಯಿತು.

ದಡದ ಶಾಲೆಗೆ ಹಡಗಿನ ಹೆಸರೇಕೆ? ನೌಕಾಪಡೆಗೆ ಸೇರಿದವನ ಹೆಸರು ಯಾವುದಾದರೂ ಹಡಗಿನ ಲೆಕ್ಕದಲ್ಲಿ ಇರಲೇಬೇಕೆಂಬ ಹಳೆಯ ಕಟ್ಟಳೆ. ಹಾಗಾಗಿ ನೆಲದ ಮೇಲಿನ ಕಟ್ಟಡವೂ ಹಡಗೇ. ನಮ್ಮ ಲೋನಾವಳದ ಗುಡ್ಡದ ಮೇಲಿನ ಎಂಜಿನಿಯರಿಂಗ್ ಶಾಲೆ ‘ಐಎನ್ಎಸ್ ಶಿವಾಜಿ’. ಕಾರವಾರದ ನೆಲೆ ‘ಐಎನ್ಎಸ್ ಕದಂಬ’, ಬನವಾಸಿಯ ಅರಸರ ಹೆಸರು.

ನಮ್ಮ ಹೊಳೆಗಳೂ ಹಡಗಾಗಿವೆ. ‘ಕೃಷ್ಣಾ’ ಹೆಸರಿನ ಎರಡು ನೌಕೆಗಳು ಒಂದರ ಕಾಲ ಮುಗಿದ ಮೇಲೆ ಇನ್ನೊಂದು ಬಂದು, ಎರಡೂ ತರಬೇತಿ ಕೊಟ್ಟವು. ‘ಕಾವೇರಿ’ 1961ರ ಡಿಸೆಂಬರಿನ ಗೋವಾ ವಿಮೋಚನೆಯಲ್ಲಿತ್ತು. ಕೆ.ಆರ್. ಪೇಟೆಯ ಹೇಮಾವತಿ, ನಾಗಮಂಗಲ ಸೀಮೆಯ ಲೋಕಪಾವನಿ, ಎರಡೂ ಸೇರುವುದು ಇದೇ ಕಾವೇರಿಯನ್ನಲ್ಲವೇ? ಅದೇ ಡಿಸೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದ ದಾಳಿಯಲ್ಲಿ ‘ಐಎನ್ಎಸ್ ಮೈಸೂರು’ ಕೂಡ ಇತ್ತು. ಮೊದಲು ಬ್ರಿಟಿಷರ ‘ನೈಜೀರಿಯಾ’ ಆಗಿದ್ದು, 1957ರಲ್ಲಿ ನಮ್ಮದಾದ ಕ್ರೂಸರ್ ಅದು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು. ಮುಪ್ಪಿನಲ್ಲಿ ಹೊಸ ಹುಡುಗರಿಗೆ ಕಡಲು ಕಲಿಸಿ, 1985ರಲ್ಲಿ ವಿಶ್ರಾಂತಿಗೆ ಹೋಯಿತು.

ಹೋದದ್ದು ಹಡಗು, ಹೆಸರಲ್ಲ! ಮುಂಬಯಿಯ ಮಝಗಾಂವ್‌ನಲ್ಲಿ ಕಟ್ಟಿದ ಹೊಸ ‘ಮೈಸೂರು’ 1999ರ ಜೂನ್ 2ರಂದು ಸೇವೆಗೆ ಬಂತು. ಶ್ರೀರಂಗಪಟ್ಟಣ ಬಿದ್ದು ಇನ್ನೂರು ವರ್ಷ ತುಂಬಿ ಒಂದು ತಿಂಗಳೂ ಆಗಿರಲಿಲ್ಲ. ಹಳೆಯದರ ಸಂಖ್ಯೆ 60, ಹೊಸದರದ್ದೂ 60. ಲಾಂಛನ? ಎರಡು ತಲೆಯ ಗಂಡಭೇರುಂಡ. ಟಿಪ್ಪುವನ್ನು ಹೊತ್ತದ್ದೂ ಹಕ್ಕಿ, ಮೈಸೂರನ್ನು ಹೊತ್ತದ್ದೂ ಹಕ್ಕಿ. ಇದು ತಿಳಿದಾಗ ನನ್ನ ಮೈ ಜುಮ್ಮೆಂದಿತು.

ಟಿಪ್ಪುವಿನ ಬೇಸಿಗೆ ಅರಮನೆಯ ಹೆಸರು ದರಿಯಾ ದೌಲತ್. ಕಡಲ ಸಂಪತ್ತು ಅಂತ ಅರ್ಥ. ಶಾಲಾ ಮಕ್ಕಳು ಬಸ್ಸುಗಟ್ಟಲೆ ಬಂದು ನೋಡುವ ಆ ಅರಮನೆಯಲ್ಲಿ ಗ್ರೀನಿಚ್‌ನ ಬೊಂಬೆಯ ಒಂದು ದೊಡ್ಡ ಚಿತ್ರ, ಎಲ್ಲರಿಗೂ ಕಾಣುವ ಹಾಗೆ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕಥೆಯ ಸಮೇತ ಇರಲಿ. ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ಇಷ್ಟೇ.