ಪಂಜರಕ್ಕೆ ಮಡಕೆ ಕಟ್ಟುವ ಮುನ್ನ

ನಮ್ಮ ಅನೇಕ ಮನೆಗಳ ಜಗಲಿಯಲ್ಲಿ ಒಂದು ಪಂಜರ ತೂಗುತ್ತಿರುತ್ತದೆ. ಅದರೊಳಗೆ ಹಸಿರು, ಹಳದಿ, ನೀಲಿ ಬಣ್ಣದ ಪುಟ್ಟ ಹಕ್ಕಿಗಳ ಒಂದು ಜೋಡಿ. ಮಕ್ಕಳ ಹುಟ್ಟುಹಬ್ಬಕ್ಕೋ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಸಂತೋಷಕ್ಕೋ ಪೇಟೆಯಿಂದ ತಂದವು. ಕೆಲವು ತಿಂಗಳು ಕಳೆದರೆ ಸಾಕು, "ಇವು ಯಾವಾಗ ಮರಿ ಮಾಡುತ್ತವೆ?" ಎಂದು ಮಕ್ಕಳು ಕೇಳತೊಡಗುತ್ತಾರೆ. ಅಂಗಡಿಯವರಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ಒಂದು ಮಡಕೆ ಕಟ್ಟಿ, ತಾವೇ ಮರಿ ಮಾಡುತ್ತವೆ."

ಮಡಕೆಗೆ ಹೆಚ್ಚು ಬೆಲೆಯೇನಿಲ್ಲ. ಆದರೆ ಅದನ್ನು ಕಟ್ಟಬೇಕೇ ಬೇಡವೇ ಎಂಬುದು ಮನೆಮಂದಿಯೆಲ್ಲ ಕುಳಿತು ಯೋಚಿಸಬೇಕಾದ ವಿಷಯ.

ಮಡಕೆ ಹೇಳುವ ಸಂದೇಶ

ನಾವು ರೂಢಿಯಲ್ಲಿ ಇವುಗಳನ್ನು ಲವ್ ಬರ್ಡ್ಸ್ ಎನ್ನುತ್ತೇವೆ. ನಿಜವಾದ ಲವ್ ಬರ್ಡ್ಸ್ ಆಫ್ರಿಕಾದವು. ನಮ್ಮ ಪಂಜರಗಳಲ್ಲಿ ಹೆಚ್ಚಾಗಿ ಇರುವುದು ಬಡ್ಜರಿಗಾರ್, ಅಂದರೆ ಆಸ್ಟ್ರೇಲಿಯಾದ ಒಣ ಒಳನಾಡಿನ ಪುಟ್ಟ ಗಿಳಿ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞರು ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ ಬಳಿಕ ಇವು ಲೋಕವೆಲ್ಲ ಹಬ್ಬಿದವು.

ಅವುಗಳ ತವರಿನಲ್ಲಿ ಮಳೆ ಅಪರೂಪ. ಮಳೆ ಬಿದ್ದು ಹುಲ್ಲು ಕಾಳುಗಟ್ಟಿದಾಗ ಹಕ್ಕಿಗಳು ಮರದ ಪೊಟರೆ ಹುಡುಕಿ ಮೊಟ್ಟೆಯಿಡುತ್ತವೆ. ಬರ ಬಂದರೆ ನಿಲ್ಲಿಸುತ್ತವೆ. ನಮ್ಮ ಮನೆಯಲ್ಲಿ ನವಣೆಯ ಬಟ್ಟಲು ಎಂದೂ ಬರಿದಾಗುವುದಿಲ್ಲ. ಮಡಕೆಯೋ ಪೊಟರೆಯಂತೆಯೇ ಇದೆ. ಹಕ್ಕಿಗೆ ಇದು ಮುಗಿಯದ ಸುಗ್ಗಿ! ಒಂದು ಸಲದ ಮರಿಗಳು ಹೊರಬರುವ ಮೊದಲೇ ಮತ್ತೆ ಮೊಟ್ಟೆ ಇಡತೊಡಗುತ್ತದೆ. "ಪ್ರಕೃತಿ ತಾನೇ ನೋಡಿಕೊಳ್ಳುತ್ತದೆ" ಎಂಬ ಮಾತು ಪಂಜರದೊಳಗೆ ಸಲ್ಲದು. ಅಲ್ಲಿ ಸಾಕು ಎನ್ನಬೇಕಾದವರು ನಾವೇ.

ತಾಯಿಯ ಮೈಮೇಲಿನ ಭಾರ

ಹೆಣ್ಣು ಹಕ್ಕಿ ಸಾಮಾನ್ಯವಾಗಿ ದಿನ ಬಿಟ್ಟು ದಿನದಂತೆ 4ರಿಂದ 6 ಮೊಟ್ಟೆ ಇಡುತ್ತದೆ. ಸುಮಾರು 18 ದಿನ ಕಾವು ಕೊಡುವುದು ಅದೊಂದೇ. ಗಂಡು ಅದಕ್ಕೆ ಆಹಾರ ತಂದು ಉಣಿಸುತ್ತದೆ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ತಾಯಿಯ ದೇಹದಿಂದಲೇ ಹೋಗಬೇಕು. ಬರೀ ಕಾಳು ತಿಂದ ಹಕ್ಕಿಯಲ್ಲಿ, ಇನ್ನೂ ಬಲಿಯದ ಹಕ್ಕಿಯಲ್ಲಿ, ಮೇಲಿಂದ ಮೇಲೆ ಮೊಟ್ಟೆಯಿಟ್ಟ ಹಕ್ಕಿಯಲ್ಲಿ ಮೊಟ್ಟೆ ಹೊರಬಾರದೆ ಒಳಗೇ ಸಿಕ್ಕಿಕೊಳ್ಳುವುದುಂಟು. ಆಗ ಅದು ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತು ಮುಕ್ಕರಿಯುತ್ತದೆ. ಬೆಚ್ಚಗಿಟ್ಟು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯದಿದ್ದರೆ ಸಾಯುತ್ತದೆ. ನಮ್ಮ ಊರುಗಳಲ್ಲಿ ದನ, ಆಡು, ಕೋಳಿ ನೋಡುವ ವೈದ್ಯರು ಸಿಗುತ್ತಾರೆ. ಮೂವತ್ತು ನಲವತ್ತು ಗ್ರಾಂ ತೂಕದ ಹಕ್ಕಿಯನ್ನು ನೋಡಬಲ್ಲವರು ಎಷ್ಟು ದೂರದಲ್ಲಿದ್ದಾರೆ? ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಆದ್ದರಿಂದ ಹಕ್ಕಿಗೆ ಒಂದು ವರ್ಷವಾದರೂ ತುಂಬಿರಲಿ. ಸಮುದ್ರನೊರೆ ಎಂದು ಪೇಟೆಯಲ್ಲಿ ಮಾರುವ ಕಟಲ್ ಮೀನಿನ ಎಲುಬು ಸದಾ ಪಂಜರದಲ್ಲಿರಲಿ. ಕಾಳಿನ ಜೊತೆ ಕೊತ್ತಂಬರಿ, ನುಗ್ಗೆಸೊಪ್ಪು, ಮರಿಗಳಿರುವಾಗ ಬೇಯಿಸಿದ ಮೊಟ್ಟೆಯ ಚೂರು ಕೊಡಬೇಕು. ಬೆಣ್ಣೆಹಣ್ಣು ಮಾತ್ರ ಕೂಡದು. ಅದು ಇವಕ್ಕೆ ವಿಷ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬಾರದು.

ಹವೆಯನ್ನೂ ನೋಡಬೇಕು. ಆದವಾನಿ, ರಾಯದುರ್ಗದ ಕಡೆಯ ಬೇಸಿಗೆಯಲ್ಲಿ ಮಡಕೆಯೊಳಗಿನ ಮರಿಗಳು ಬೆಂದುಹೋದಾವು. ಕಾಸರಗೋಡಿನ ಆಟಿಯ ಮಳೆಯಲ್ಲಿ ಕಾಳಿಗೆ ಬೂಷ್ಟು ಹಿಡಿಯುತ್ತದೆ. ನೀಲಗಿರಿಯ ಚಳಿಗಾಲದಲ್ಲಿ ಗಾಳಿ ಬೀಸುವ ಜಗಲಿ ತಕ್ಕ ಜಾಗವಲ್ಲ.

ಮರಿಗಳ ಲೆಕ್ಕ

ಒಂದು ಸಲಕ್ಕೆ 5 ಮರಿ ಎಂದಿಟ್ಟುಕೊಳ್ಳೋಣ. ಎರಡು ಸಲಕ್ಕೆ 10. ಅವೇ 5 ಜೋಡಿಗಳಾಗಿ ಹಾಗೆಯೇ ಮರಿ ಮಾಡಿದರೆ ಮುಂದಿನ ವರ್ಷ ಇನ್ನೂ 50! ಅಷ್ಟು ಮರಿಗಳು ಉಳಿಯದಿರಬಹುದು, ಆದರೂ ಜಗಲಿಯ ಒಂದು ಪಂಜರಕ್ಕೆ ಇದರ ಅರ್ಧವೂ ಹಿಡಿಸದು. ಇಕ್ಕಟ್ಟಾದರೆ ಹಕ್ಕಿಗಳು ಕಚ್ಚಾಡುತ್ತವೆ, ಅಣ್ಣ ತಂಗಿಯರೇ ಜೋಡಿಯಾಗಿ ಬಲಹೀನ ಮರಿಗಳು ಹುಟ್ಟುತ್ತವೆ. ಪಂಜರದ ಧೂಳು ಹೆಚ್ಚಿದಂತೆ ಮನೆಯ ಆಸ್ತಮಾ ರೋಗಿಗಳಿಗೆ ತೊಂದರೆ. ಒಣಗಿದ ಹಿಕ್ಕೆಯ ಧೂಳಿನಿಂದ ಸಿಟಾಕೋಸಿಸ್ ಎಂಬ ಜ್ವರ, ಕೆಮ್ಮು ಮನುಷ್ಯರಿಗೂ ತಗಲಬಹುದು. ಹಕ್ಕಿ ಸಾಕುವ ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಂದರೆ ಹಕ್ಕಿಯಿರುವ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

"ಹೆಚ್ಚಾದರೆ ಮಾರಿದರಾಯಿತು" ಎನ್ನುವವರಿದ್ದಾರೆ. ಕಾಳು, ಸೊಪ್ಪು, ಪಂಜರ, ವೈದ್ಯರ ಖರ್ಚು ಬರೆದಿಟ್ಟರೆ ಲಾಭ ಎಷ್ಟೆಂದು ಗೊತ್ತಾಗುತ್ತದೆ. ಅಲ್ಲದೆ ಸಾಕುಪ್ರಾಣಿಗಳ ಅಂಗಡಿ ನಡೆಸಲು 2018ರ ನಿಯಮಗಳಂತೆ ನೋಂದಣಿ ಬೇಕು.

"ಬಾಗಿಲು ತೆರೆದು ಹಾರಿಬಿಡೋಣ, ಪುಣ್ಯ ಬರುತ್ತದೆ" ಎಂಬುದು ಇನ್ನೊಂದು ಮಾತು. ತಲೆಮಾರುಗಳಿಂದ ಬಟ್ಟಲಲ್ಲಿ ತಿಂದ ಈ ಹಕ್ಕಿಗೆ ನಮ್ಮ ಬಯಲಿನಲ್ಲಿ ಮೇವು ಹುಡುಕಲು ಬಾರದು. ಕಾಗೆ, ಗಿಡುಗ, ಬೆಕ್ಕಿಗೆ ಅದು ಸುಲಭದ ತುತ್ತು. ಅದು ಬಿಡುಗಡೆಯಲ್ಲ, ಕಣ್ಣಿಗೆ ಕಾಣದ ಕಡೆ ಕೊಲ್ಲುವುದು.

ಒಂದು ವಿಷಯ ಇಲ್ಲಿ ನೆನಪಿರಲಿ. ಬಡ್ಜರಿಗಾರ್ ಸಾಕಲು ಕಾನೂನಿನ ಅಡ್ಡಿಯಿಲ್ಲ. ಆದರೆ ನಮ್ಮ ಹೊಲ, ತೋಟಗಳ ಹಸಿರು ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಹಾಗಾದರೆ ಬೇಡವೇ?

ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಣ್ಣು ತೆರೆಯದ, ಗರಿಯಿಲ್ಲದ ಮರಿ ಐದು ವಾರದೊಳಗೆ ಗರಿಗಟ್ಟಿ ಮಡಕೆಯ ಬಾಯಲ್ಲಿ ಇಣುಕುವುದನ್ನು ನೋಡಿದ ಮಗು ಅದನ್ನು ಬದುಕಿಡೀ ಮರೆಯದು. ತಂದೆ ಹಕ್ಕಿ ದಿನವಿಡೀ ದುಡಿಯುವುದನ್ನು ನೋಡಿ ಕಲಿಯುವುದೂ ಇದೆ. ಆದರೆ ಆರು ಮೊಟ್ಟೆಯ ಗೂಡಿನಲ್ಲಿ ಹಿರಿಯ ಮರಿಗೂ ಕಿರಿಯದಕ್ಕೂ ಹತ್ತು ದಿನಗಳ ಅಂತರವಿರಬಹುದು. ಕೊನೆಯದು ಕೆಲವೊಮ್ಮೆ ಉಳಿಯುವುದಿಲ್ಲ. ಆ ದುಃಖದ ದಿನ ಮಗುವಿನ ಪಕ್ಕದಲ್ಲಿ ಕೂರಲು ದೊಡ್ಡವರಿಗೆ ಸಮಯವಿರಬೇಕು.

ಬೇಡವೆಂದು ತೀರ್ಮಾನಿಸಿದರೆ ದಾರಿ ಸುಲಭ. ಮಡಕೆಯಾಗಲಿ ಪೆಟ್ಟಿಗೆಯಾಗಲಿ ಇಡಬೇಡಿ. ಪೊಟರೆ ಸಿಗದ ಹಕ್ಕಿಗಳು ಹೆಚ್ಚಾಗಿ ಮೊಟ್ಟೆಯಿಡುವುದಿಲ್ಲ. ಹೊಸದಾಗಿ ತರುವವರು ಎರಡು ಗಂಡುಗಳನ್ನು ತಂದರೆ ಅವು ಜಗಳವಿಲ್ಲದೆ ಬಾಳುತ್ತವೆ. ಬೆಳೆದ ಗಂಡಿನ ಕೊಕ್ಕಿನ ಮೇಲ್ಭಾಗ ಸಾಮಾನ್ಯವಾಗಿ ನೀಲಿ, ಹೆಣ್ಣಿನದು ಕಂದು ಅಥವಾ ಬಿಳಿಚು. ಈಗಾಗಲೇ ಮಡಕೆಯಲ್ಲಿ ಮರಿಗಳಿದ್ದರೆ ಅವು ತಾವೇ ಕಾಳು ತಿನ್ನುವವರೆಗೆ ಕಾದು, ಬಳಿಕ ಮಡಕೆ ತೆಗೆದು ತಾಯಿಗೆ ವಿಶ್ರಾಂತಿ ಕೊಡಿ.

ಮರಿ ಬೇಕೆಂದು ಮನೆಯವರೆಲ್ಲ ಒಪ್ಪಿದರೆ, ಮಡಕೆ ತರುವ ಮೊದಲು ಮಕ್ಕಳ ಕೈಗೆ ಒಂದು ಹಾಳೆ ಕೊಡಿ. ಮರಿಗಳನ್ನು ಸಾಕಲು ನಿಜವಾಗಿ ಒಪ್ಪಿದ ಮನೆಗಳ ಹೆಸರುಗಳನ್ನು ಅವರೇ ವಿಚಾರಿಸಿ ಬರೆಯಲಿ. ಈ ಹಕ್ಕಿಗಳು ಐದರಿಂದ ಎಂಟು ವರ್ಷ ಬದುಕುತ್ತವೆ ಎಂದು ಆ ಮನೆಯವರಿಗೂ ಹೇಳಲಿ. ಐದು ಹೆಸರು ಸಿಕ್ಕರೆ ಮಡಕೆ ಕಟ್ಟಬಹುದು. ಎರಡೇ ಸಿಕ್ಕರೆ ಈ ವರ್ಷ ಬೇಡ.