ಪಂಚಮಿಯ ಉಂಡೆ, ತವರಿನ ಸೀರೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಬ್ಬದ ಉಡುಗೊರೆಯೆಂದರೆ ಮೊದಲು ನೆನಪಾಗುವುದು ಪಂಚಮಿ. ದೀಪಾವಳಿಯಲ್ಲಿ ಅಳಿಯನ ಮರ್ಯಾದೆ ಹೆಚ್ಚು. ಪಂಚಮಿ ಮಾತ್ರ ಹೆಣ್ಣುಮಗಳದು. ಶ್ರಾವಣದಲ್ಲಿ ಅಣ್ಣನೋ ತಮ್ಮನೋ ಹೋಗಿ ಆಕೆಯನ್ನು ತವರಿಗೆ ಕರೆತರಬೇಕು. ತಾನಾಗಿ ಬಂದರೆ ಶೋಭೆಯಲ್ಲವೆಂದು ಹಿರಿಯರು ಭಾವಿಸಿದ್ದರು. ನಮ್ಮ ಜನಪದ ಹಾಡುಗಳಲ್ಲಿ ಅಣ್ಣನ ಹಾದಿ ನೋಡುತ್ತ ನಿಂತ ತಂಗಿಯರಿಗೆ ಲೆಕ್ಕವಿಲ್ಲ.

ನಮ್ಮ ಅಕ್ಕನವರ ಮದುವೆ 1970ರಲ್ಲಿ ಆಯಿತು. ನಮಗಾಗ ಹತ್ತು ವರ್ಷ. ಆ ಪಂಚಮಿಗೆ ತಂದೆಯವರೊಡನೆ ಬಂಡಿಯಲ್ಲಿ ಕುಳಿತು ಅವರನ್ನು ಕರೆತರಲು ಹೋದೆವು. ರೊಟ್ಟಿ ಹಬ್ಬದ ದಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಆಮೇಲೆ ಜೋಕಾಲಿ, ಹುಡುಗರಾದ ನಮಗೆ ದಾರ ಪೋಣಿಸಿದ ಕೊಬ್ಬರಿ ಬಟ್ಟಲು. ತಾಯಿಯವರು ಎಳ್ಳು, ಶೇಂಗಾ, ರವೆ, ಬೂಂದಿ, ತಂಬಿಟ್ಟು ಎಂದು ಐದು ಬಗೆಯ ಉಂಡೆ ಕಟ್ಟುತ್ತಿದ್ದರು. ಹೊರಡುವ ದಿನ ಅಕ್ಕನವರ ಉಡಿ ತುಂಬಿ, ಗುಳೇದಗುಡ್ಡದ ಖಣವೊಂದನ್ನು ಕೊಟ್ಟರೆ ಮುಗಿಯಿತು. ಸೀರೆಯೇನಿದ್ದರೂ ಬೆಳೆ ಚೆನ್ನಾಗಿ ಬಂದ ವರ್ಷಕ್ಕೆ. ಖಣಕ್ಕಿಂತ ದೊಡ್ಡ ಉಡುಗೊರೆ ಬೇರೆಯಿತ್ತು: ಆ ನಾಲ್ಕು ದಿನ ಆಕೆಗೆ ಯಾರೂ ಕೆಲಸ ಹೇಳುತ್ತಿರಲಿಲ್ಲ. ಹೊತ್ತೇರುವವರೆಗೆ ಮಲಗಿದ್ದರೂ ತಾಯಿಯವರು ಎಬ್ಬಿಸುತ್ತಿರಲಿಲ್ಲ.

ಮುಂದೆ ನಾವು ಮಠದ ಪ್ರಸಾದನಿಲಯದಲ್ಲಿದ್ದು ಓದುವಾಗ ಉಡುಗೊರೆಯ ದಾರಿ ತಿರುಗಿತು. ಅಕ್ಕನವರು ತವರಿನಿಂದ ಒಯ್ದ ಉಂಡೆಗಳಲ್ಲಿ ಅರ್ಧವನ್ನು ಡಬ್ಬಿಗೆ ತುಂಬಿ, ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದರು. ಸಹಪಾಠಿಗಳಿಗೆ ಹಂಚುವಷ್ಟರಲ್ಲಿ ನಮಗೊಂದು ಉಳಿದರೆ ಹೆಚ್ಚು. ಖಾಲಿ ಡಬ್ಬಿ ಹಿಂದಕ್ಕೆ ಕಳುಹಿಸಬಾರದೆಂದು ವಿಭೂತಿಯ ಗಟ್ಟಿಯೊಂದನ್ನು ಅದರೊಳಗಿಡುತ್ತಿದ್ದೆವು. ಕೊಡಲು ನಮ್ಮಲ್ಲಿದ್ದುದು ಅದೊಂದೇ.

ಸಂಬಳ ಬರತೊಡಗಿದ ಮೇಲೆ ಖಣದ ಜಾಗಕ್ಕೆ ಇಳಕಲ್ಲ ಸೀರೆ ಬಂದಿತು. ಸೀರೆಯ ಹಿಂದೆಯೇ ಬೆಲೆಯ ಮಾತೂ ಬಂದಿತು. ಬಂಡಿ ಹೋಗಿ ಬಸ್ಸಾಯಿತು. ಬಸ್ಸು ಹತ್ತಿ ಬಂದುಬಿಡು ಎಂಬ ದೂರವಾಣಿಯ ಕರೆಯಾಯಿತು. ಕೆಲವು ವರ್ಷ ಲಕೋಟೆಯಲ್ಲಿ ಹಣವಷ್ಟೇ ಹೋಯಿತು. ಉಂಡೆಗಳೂ ಅಂಗಡಿಯಿಂದ ಬರತೊಡಗಿದವು. ಇದಕ್ಕಾಗಿ ಕೊರಗುವವರ ಗುಂಪಿಗೆ ನಾವು ಸೇರಿದವರಲ್ಲ. ಉಂಡೆ ಕಟ್ಟಿ ಕೈ ಸೋತವರು ಹೆಂಗಸರೇ ಹೊರತು ನಾವಲ್ಲವಲ್ಲ!

ಕೊರಗಬೇಕಾದುದು ಬೇರೊಂದಿದೆ. ಹೊಲಮನೆ ಗಂಡುಮಕ್ಕಳಿಗೆ, ಸೀರೆ ಕುಪ್ಪಸ ಹೆಣ್ಣುಮಕ್ಕಳಿಗೆ ಎಂಬ ಬಾಯಿಬಿಟ್ಟು ಹೇಳದ ಒಡಂಬಡಿಕೆಯೊಂದು ಈ ಹಬ್ಬದ ಬುಡದಲ್ಲಿತ್ತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. 2009ರಲ್ಲಿ ತಂದೆಯವರು ಲಿಂಗೈಕ್ಯರಾದಾಗ ಈ ಸಂಗತಿ ಅಣ್ಣನವರಿಗೂ ನಮಗೂ ಗೊತ್ತಿತ್ತು, ಅಕ್ಕನವರಿಗೆ ಗೊತ್ತಿರಲಿಲ್ಲ. ಹಕ್ಕುಬಿಡುಗಡೆ ಪತ್ರವನ್ನು ಮುಂದಿಟ್ಟೆವು. ಅವರು ಓದಿಸಿ ಕೇಳಲೂ ಇಲ್ಲ, ರುಜು ಹಾಕಿಕೊಟ್ಟರು.

ಆ ವರ್ಷದ ಪಂಚಮಿಗೆ ನಾವು ತಂದದ್ದು ರೇಷ್ಮೆಯ ಸೀರೆ. ಅಕ್ಕನವರು ಅದರ ಅಂಚನ್ನು ಸವರುತ್ತ, “ಇಷ್ಟ್ಯಾಕ ಖರ್ಚ ಮಾಡಿದ್ಯೋ ತಮ್ಮಾ?” ಎಂದರು. ವಚನಗಳ ಅರ್ಥ ಹೇಳುತ್ತ ಊರೂರು ಸುತ್ತಿದ ನಾಲಿಗೆ ಅಂದು ಏಳಲಿಲ್ಲ.

ಹೋದ ಪಂಚಮಿಗೆ ಬಂದಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ. ಭಾವನವರು ತೀರಿಕೊಂಡ ಮೇಲೆ ಮಗಳು ಹೊಲದಲ್ಲಿ ತನ್ನ ಪಾಲನ್ನು ಕೇಳಿದ್ದಾಳೆ. “ಪಾಲು ತಗೊಂಡ್ರ ಆಕಿನ್ನ ಪಂಚಮಿಗೆ ಕರಿಯಾಕ ಯಾರ ಬರ್ತಾರ?” ಎಂದು ಕೇಳಿದರು. ಸೋದರಮಾವನಾದ ನಾವೇ ಹೋಗುವುದಾಗಿ ಹೇಳಿದೆವು. ಅಕ್ಕನವರು ಬಹಳ ಹೊತ್ತು ನಮ್ಮನ್ನೇ ನೋಡಿದರು. ಅವರು ಕೇಳದೆ ಬಿಟ್ಟ ಮಾತು ಯಾವುದೆಂದು ನಮಗೆ ತಿಳಿಯಿತು.

ಅಣ್ಣನವರು ಇನ್ನೂ ಒಪ್ಪಿಲ್ಲ. ನಮ್ಮ ಪಾಲಿನಿಂದ ಎರಡು ಎಕರೆಯನ್ನು ಅಕ್ಕನವರ ಹೆಸರಿಗೆ ಮಾಡಿಸುತ್ತಿದ್ದೇವೆ. ಕಾಗದದಲ್ಲಿ ಅದರ ಹೆಸರು ದಾನಪತ್ರ. ಆಕೆಯದನ್ನೇ ಆಕೆಗೆ ಕೊಡುವುದಕ್ಕೆ ದಾನವೆನ್ನಬೇಡಿರೆಂದು ಪತ್ರ ಬರೆಯುವವರನ್ನು ಕೇಳಿಕೊಂಡೆವು; ಬೇರೆ ನಮೂನೆಯಿಲ್ಲವೆಂದು ಅವರು ನಕ್ಕರು. ಬರುವ ಶ್ರಾವಣದಲ್ಲಿ ಅಕ್ಕನವರನ್ನು ಕರೆತರಲು ಹೋಗುವಾಗ ಉಂಡೆಯ ಡಬ್ಬಿಯೊಡನೆ ಅದನ್ನೂ ಒಯ್ಯುವೆವು.